ಹರಿಶ್ಚಂದ್ರಕಾವ್ಯದ ಕೀರ್ತಿವಿಪರ್ಯಯ

ಹಂಪೆಯ ರಾಘವಾಂಕನ ಹೆಸರಿನಲ್ಲಿ ಎಣಿಸುವ ಆರು ಕೃತಿಗಳಲ್ಲಿ ಹರಿಶ್ಚಂದ್ರಕಾವ್ಯ, ಸೋಮನಾಥಚಾರಿತ್ರ, ಸಿದ್ಧರಾಮಚಾರಿತ್ರ, ವೀರೇಶಚರಿತೆ ಎಂಬ ನಾಲ್ಕು ಮಾತ್ರ ಉಪಲಬ್ಧವಾಗಿವೆ. ಶರಭಚಾರಿತ್ರವೂ ಹರಿಹರಮಹತ್ವವೂ ದೊರೆತಿಲ್ಲ. ದೊರೆತ ನಾಲ್ಕರಲ್ಲಿ ಮೊದಲನೆಯದಕ್ಕೆ ಇಂದು ಸಲ್ಲುವ ಮನ್ನಣೆಯ ಕಾಲುಭಾಗವೂ ಮಿಕ್ಕವಕ್ಕೆ ಸಲ್ಲುತ್ತಿಲ್ಲ. ರಾಘವಾಂಕನೆಂದರೆ ಹರಿಶ್ಚಂದ್ರಕಾವ್ಯವೆಂದೇ ವಿದ್ಯಾರ್ಥಿಗಳ ಭಾವನೆ. ಆದರೆ ಸಂಪ್ರದಾಯವು ಈ ಕೃತಿಗಳಿಗೆ ಕೊಟ್ಟಿದ್ದ ತಾರತಮ್ಯವು ಇದಕ್ಕೆ ನೇರವಾಗಿ ವಿಪರೀತವಾದುದು.

ಐತಿಹ್ಯವು ಪ್ರಸಿದ್ಧವಾಗಿಯೇ ಇದೆ. ಹದಿನೇಳನೆಯ ಶತಮಾನದವನೆಂದು ಎಣಿಸುವ ಚಿಕ್ಕನಂಜೇಶನು ರಾಘವಾಂಕನ ಚರಿತ್ರೆಯನ್ನೇ ಒಂದು ಕಾವ್ಯವಾಗಿ ಬರೆದನು. ನರನಾದ ರಾಜನೊಬ್ಬನನ್ನು ಹೊಗಳಿದನೆಂದು ಮಾವನೂ ಗುರುವೂ ಆದ ಹರಿಹರನು ಮುನಿದು ಪಾದುಕೆಯಿಂದ ಹೊಡೆಯಲು ರಾಘವಾಂಕನ ಹಲ್ಲುಗಳು ಉದುರಿದುವೆಂದೂ, ಶಿವಪರವಾದ ಐದು ಕೃತಿಗಳನ್ನು ರಚಿಸಿದ ಮೇಲೆ ಅವು ಮರಳಿ ಬಂದುವೆಂದೂ ಕಥೆ. ಕಥೆಯ ಸತ್ಯಾಸತ್ಯತೆ ಪ್ರಕೃತವಲ್ಲ. ಅದರ ಮತದಲ್ಲಿ ಹರಿಶ್ಚಂದ್ರಕಾವ್ಯವು ಅಪರಾಧ, ಉಳಿದ ಐದು ಪ್ರಾಯಶ್ಚಿತ್ತ ಎಂಬುದಷ್ಟೇ ಗಮನಿಸತಕ್ಕುದು. ಆರೋಪವಾದರೂ ಹರಿಹರನ ಬಾಯಲ್ಲಿ ಅಷ್ಟಾಗಿ ಒಪ್ಪುವುದಿಲ್ಲ. ಬಸವಣ್ಣ, ನಂಬಿಯಣ್ಣ ಮೊದಲಾದವರನ್ನು ಕುರಿತು ರಗಳೆಗಳನ್ನು ಹಾಡಿದವನು ಅವನೇ, ಶರಣರೂ ಮನುಷ್ಯರೇ ಅಲ್ಲವೆ? ಆದುದರಿಂದ ಐತಿಹ್ಯದ ಅಸಮಾಧಾನವು ನರಸ್ತುತಿಯ ಮೇಲಿನದೆನ್ನುವುದಕ್ಕಿಂತ, ಶರಣನಲ್ಲದ ಅರಸನೊಬ್ಬನು ನಾಯಕನಾದುದರ ಮೇಲಿನದೆನ್ನುವುದೇ ಯುಕ್ತ.

ಇಪ್ಪತ್ತನೆಯ ಶತಮಾನದಲ್ಲಿ ತಕ್ಕಡಿ ತಿರುಗಿತು. ಆರ್. ನರಸಿಂಹಾಚಾರ್ಯರ ಕವಿಚರಿತೆಯ ಸಂಪುಟಗಳು 1907ರಿಂದ 1929ರವರೆಗೆ ಹೊರಬಂದು ಕವಿಗಳ ಕಾಲಕೃತಿಗಳನ್ನು ವಿದ್ವಾಂಸರ ಕೈಗೆ ಒದಗಿಸಿದುವು. ಟಿ. ಎಸ್. ವೆಂಕಣ್ಣಯ್ಯ ಮತ್ತು ಎ. ಆರ್. ಕೃಷ್ಣಶಾಸ್ತ್ರಿಗಳು ಸಿದ್ಧಪಡಿಸಿದ ಹರಿಶ್ಚಂದ್ರಕಾವ್ಯಸಂಗ್ರಹವು ಈ ಗ್ರಂಥವನ್ನು ಸಾಮಾನ್ಯ ವಾಚಕನ ಬಳಿಗೆ ತಂದಿತು. ಕಾಲದ ಮನೋಧರ್ಮವೂ ಅನುಕೂಲವಾಗಿತ್ತು. ಗಾಂಧಿಯವರು ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ಕಂಡು ಮನಸೋತುದನ್ನು ಆತ್ಮಕಥೆಯಲ್ಲಿ ಹೇಳಿದ್ದಾರೆ. ಸತ್ಯವು ವ್ರತವಾದ ಆ ದಿನಗಳಲ್ಲಿ ಸತ್ಯಸಂಧನ ಕಾವ್ಯಕ್ಕೆ ಬೇರೊಬ್ಬರ ಶಿಫಾರಸು ಬೇಕಿರಲಿಲ್ಲ. 1943ರಲ್ಲಿಯೂ 1965ರಲ್ಲಿಯೂ ಕನ್ನಡ ಚಲನಚಿತ್ರವಾದ ಈ ಕಥೆಯಲ್ಲಿ ಎರಡನೆಯದು 2008ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದಿತು. ಮಗನ ಶವದ ಮುಂದೆ ಚಂದ್ರಮತಿಯ ಪ್ರಲಾಪವನ್ನು ಓದಿ ಕಣ್ಣೀರಿಟ್ಟವರು, ರಾಘವಾಂಕನು ದೇವರನ್ನು ಬಿಟ್ಟು ಮಾನವನ ದುಃಖವನ್ನು ಹಾಡಿದನೆಂದು ಕೊಂಡಾಡಿದರು.

ಇಲ್ಲಿಯೇ ತೊಡಕಿರುವುದು. ಹಲ್ಲುದುರಿಸಿದ ಐತಿಹ್ಯಕ್ಕೂ ಹೊಗಳಿದ ವಿಮರ್ಶೆಗೂ ಪೂರ್ವಪಕ್ಷವೊಂದೇ: ಇದು ಶಿವಕಾವ್ಯವಲ್ಲ, ನರಕಾವ್ಯ. ಒಬ್ಬರು ಅದನ್ನು ದೋಷವೆಂದರು, ಇನ್ನೊಬ್ಬರು ಗುಣವೆಂದರು. ಕವಿಯು ಇಬ್ಬರಿಗೂ ಒಪ್ಪಿಗೆ ಕೊಟ್ಟಿಲ್ಲ. ಹರನೂ ಸತ್ಯವೂ ಬೇರಲ್ಲವೆಂಬುದನ್ನು ಅವನು ಸ್ಪಷ್ಟವಾಗಿಯೇ ಸಾರಿದ್ದಾನೆ. ಕೊನೆಯಲ್ಲಿ ಖಡ್ಗವೆತ್ತಿದ ಅರಸನ ಮುಂದೆ ಕಾಶೀವಿಶ್ವೇಶ್ವರನೇ ಮೈದೋರುತ್ತಾನೆ. ಮೂಲಗಳೊಡನೆ ಹೋಲಿಸಿದರೆ ಈ ಅಂಶ ಇನ್ನಷ್ಟು ನಿಚ್ಚಳವಾಗುವುದು. ಐತರೇಯಬ್ರಾಹ್ಮಣದ ಹರಿಶ್ಚಂದ್ರನು ಮಗನನ್ನು ವರುಣನಿಗೆ ಕೊಡುವೆನೆಂದು ನುಡಿದು ಮತ್ತೆ ಮತ್ತೆ ಗಡುವು ಕೇಳುವವನು. ಅವನಿಗೆ ಸತ್ಯಸಂಧನೆಂಬ ಬಿರುದು ಹೇಗೂ ಒಪ್ಪದು. ಮಾರ್ಕಂಡೇಯಪುರಾಣದಲ್ಲಿಯೂ ಕ್ಷೇಮೀಶ್ವರನ ಚಂಡಕೌಶಿಕದಲ್ಲಿಯೂ ಅವನು ದಾನಿ, ಸಹಿಷ್ಣು. ವಸಿಷ್ಠ ವಿಶ್ವಾಮಿತ್ರರ ಪಂತವನ್ನು ಕಥೆಯ ಕೀಲಾಗಿರಿಸಿ, ಸತ್ಯವನ್ನೇ ಶಿವಪೂಜೆಯಾಗಿಸಿದ್ದರಲ್ಲಿ ರಾಘವಾಂಕನ ಸ್ವಂತಿಕೆಯಿದೆ. ಅದನ್ನು ಕಳೆದರೆ ಉಳಿಯುವುದು ಒಳ್ಳೆಯ ಕಣ್ಣೀರಿನ ಕಥೆ ಮಾತ್ರ.

ಕೀರ್ತಿಯು ಒಂದೇ ಕಾವ್ಯದೊಳಗೆ ಭಾಗದಿಂದ ಭಾಗಕ್ಕೆ ಸರಿಯುವುದೂ ಉಂಟು. ವಿಶ್ವಾಮಿತ್ರನು ಕೋಪದಿಂದ ಸೃಷ್ಟಿಸಿದ ಅನಾಮಿಕ ಕನ್ಯೆಯರ ಪ್ರಸಂಗವನ್ನು ಹಿಂದೆ ಸಂವಾದದ ಚಮತ್ಕಾರಕ್ಕಾಗಿಯೂ ಅರಸನ ದೃಢತೆಗಾಗಿಯೂ ಮೆಚ್ಚುತ್ತಿದ್ದರು. ಹಾಡಿ ಮೆಚ್ಚಿಸಿದ ಆ ಕನ್ಯೆಯರು ಮೊದಲು ಮುತ್ತಿನ ಸತ್ತಿಗೆಯನ್ನು ಕೇಳುವರು. ಅದು ದೊರೆಯದಿರಲು ಮದುವೆಯಾಗೆನ್ನುವರು. ತಮ್ಮ ಗಾನವನ್ನು ಕೇಳಿದ ಕಿವಿಗೂ ರೂಪವನ್ನು ನೋಡಿದ ಕಣ್ಣಿಗೂ ತಟ್ಟದ ಹೊಲೆಯು ಮುಟ್ಟಿದ ಮೈಗೆ ಮಾತ್ರ ತಟ್ಟುವುದೆ, ಐದು ಇಂದ್ರಿಯಗಳಲ್ಲಿ ಒಂದು ಮಾತ್ರ ಮೇಲೆ ಎಂದರೇನು ಎಂಬುದು ಅವರ ವಾದ. ದೂರದಿಂದ ಗ್ರಹಿಸಬಹುದು, ಮುಟ್ಟಬಾರದು ಎಂಬ ಅರಸನ ಉತ್ತರವು ಶಾಸ್ತ್ರಕ್ಕೆ ಒಪ್ಪಿದರೂ ತರ್ಕದಲ್ಲಿ ದುರ್ಬಲ. ಇಂದಿನ ಓದುಗರ ಕಣ್ಣು ಇಲ್ಲಿ ನಿಲ್ಲುತ್ತದೆ, ನಿಲ್ಲತಕ್ಕುದೂ ಹೌದು. ಆದರೆ ಈ ಪ್ರಸಂಗವೊಂದನ್ನೇ ಕತ್ತರಿಸಿ ಕವಿಯನ್ನು ಶಿಕ್ಷಿಸುವುದಾಗಲಿ ಹರಸುವುದಾಗಲಿ ಸಲ್ಲದು. ಅನಾಮಿಕರನ್ನು ಒಲ್ಲದೆ ರಾಜ್ಯವನ್ನೇ ಬಿಟ್ಟವನು ಕಡೆಗೆ ಅನಾಮಿಕನಾದ ವೀರಬಾಹುವಿಗೆ ಮಾರಿಕೊಂಡು ಸುಡುಗಾಡು ಕಾಯುವನು. ಕನ್ಯೆಯರ ಪ್ರಶ್ನೆಗೆ ಕಾವ್ಯದ ಉತ್ತರ ಅಲ್ಲಿದೆ, ಅರಸನ ಮಾತಿನಲ್ಲಲ್ಲ. 2017ರಲ್ಲಿ ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದವು ಮೂಲದೊಡನೆ ಪ್ರಕಟವಾದುದರಿಂದ ಕನ್ನಡವರಿಯದವರೂ ಇದನ್ನು ಇಡಿಯಾಗಿ ಪರೀಕ್ಷಿಸಬಹುದಾಗಿದೆ.

ಇನ್ನು ಪ್ರಾಯಶ್ಚಿತ್ತವೆನಿಸಿದ ಕೃತಿಗಳ ಗತಿ. ವೀರೇಶಚರಿತೆಯು ದಕ್ಷಯಜ್ಞಧ್ವಂಸದ ಕಥೆ. ಉದ್ದಂಡ ಷಟ್ಪದಿಯ ನಡೆ. ಪಂಡಿತರಲ್ಲಿಯೂ ಛಂದಸ್ಸಿನ ಉದಾಹರಣೆಗಾಗಿ ಅದನ್ನು ಸ್ಮರಿಸುವವರೇ ಹೆಚ್ಚು, ಓದುವವರು ಕಡಮೆ. ಆದರೆ 2021ರಲ್ಲಿ ಹಂಪೆಯೊಡನೆ ವಿಜಯನಗರವೆಂಬ ಒಂದೇ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಆ ವಸ್ತುವಿಗೆ ಬೇರೆಯೇ ಬಾಳಿದೆ. ವೀರಭದ್ರನ ಗುಗ್ಗುಳದ ಮುಂದೆ ಪುರವಂತರು ಕತ್ತಿ ಝಳಪಿಸುತ್ತ ಹೇಳುವ ಒಡಪುಗಳಲ್ಲಿ ದಕ್ಷನ ಗರ್ವವೂ ದಾಕ್ಷಾಯಣಿಯ ದಹನವೂ ವೀರಭದ್ರನ ಆವಿರ್ಭಾವವೂ ಮೊಳಗುತ್ತವೆ. ಆ ಒಡಪುಗಳು ರಾಘವಾಂಕನ ಪದ್ಯಗಳಲ್ಲ. ಹಾಗೆಂದು ಸಾಧಿಸಹೊರಡುವುದು ಸಾಹಸವಾದೀತು. ಆದರೂ ಧ್ವನಿಯೇರಿಸಿ ಒಂದೇ ಉಸಿರಿನಲ್ಲಿ ನುಡಿಯುವ ಆ ಪರಿಯನ್ನು ಒಮ್ಮೆ ಕೇಳಿದ ಮೇಲೆ ಉದ್ದಂಡದ ಓಟವು ಕಿವಿಗೆ ಬೇರೆಯಾಗಿ ಬೀಳುವುದು. ಗ್ರಂಥದಲ್ಲಿ ಅತಿಯೆಂದೂ ಅಬ್ಬರವೆಂದೂ ತೋರಿದ ರೌದ್ರವು, ಡೊಳ್ಳು ಸಮ್ಮಾಳಗಳ ನಡುವೆ ತಕ್ಕ ಪ್ರಮಾಣದ್ದಾಗಿ ತೋರುವುದು. ವೀರೇಶಚರಿತೆಯ ಬೆಲೆಯನ್ನು ಕಟ್ಟುವವರು ಅದನ್ನು ಹರಿಶ್ಚಂದ್ರಕಾವ್ಯದ ಪಕ್ಕದಲ್ಲಿರಿಸಿ ನೋಡಿದಷ್ಟೇ ಆದರದಿಂದ ಈ ಒಡಪುಗಳ ಪಕ್ಕದಲ್ಲಿಯೂ ಇರಿಸಿ ನೋಡುವುದು ಇನ್ನೂ ಆಗಬೇಕಾದ ಕೆಲಸ.