ಒಂದು ಮಿಲಿಗ್ರಾಂ ಗೆರೆಯ ಮೇಲೆ ಅತಿನಂಬಿಕೆ

ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಹಾರ್ಮೋನ್ ಸುರಿಸುವ ಕಾಯಿಲೆ ಸೌಮ್ಯವಾಗಿದ್ದರೆ ಆಪರೇಷನ್ ಮಾಡಬೇಕೋ, ಕಾಯಬೇಕೋ? 1990ರಿಂದ 2022ರವರೆಗೆ ತಜ್ಞರು ಐದು ಸಲ ಸೇರಿ ಇದಕ್ಕೆ ಮಾರ್ಗಸೂಚಿ ಬರೆದಿದ್ದಾರೆ. ವಯಸ್ಸು 50ಕ್ಕಿಂತ ಕಡಿಮೆ, ಕಿಡ್ನಿ ಕಲ್ಲು, ಮೂಳೆ ಸವೆತ ಮುಂತಾದ ಪಟ್ಟಿ ವೈದ್ಯರಿಗೆಲ್ಲ ಗೊತ್ತು. ಅದರಲ್ಲಿ ಯೋಗ್ಯತೆಗಿಂತ ಹೆಚ್ಚು ಮರ್ಯಾದೆ ಸಿಕ್ಕಿರುವುದು ಒಂದು ಸಾಲಿಗೆ: ರಕ್ತದ ಕ್ಯಾಲ್ಸಿಯಂ ಸಹಜ ಮಿತಿಯನ್ನು ಡೆಸಿಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಮೀರಿದರೆ ಆಪರೇಷನ್.

ಲ್ಯಾಬಿನ ಮೇಲ್ಮಿತಿ 10.5 ಎಂದುಕೊಳ್ಳೋಣ, ಗೆರೆ 11.5ಕ್ಕೆ ಬೀಳುತ್ತದೆ. ಒಬ್ಬ ಹೆಂಗಸಿನ ರಿಪೋರ್ಟಿನಲ್ಲಿ 11 ಇದೆ, ಕ್ಯಾಲ್ಸಿಯಂ ಅಂಟಿಕೊಳ್ಳುವ ರಕ್ತದ ಪ್ರೊಟೀನ್ ಆಲ್ಬುಮಿನ್ 3. ರೂಢಿಯ ಲೆಕ್ಕದಂತೆ ಆಲ್ಬುಮಿನ್ 4ಕ್ಕಿಂತ ಇಳಿದ ಪ್ರತಿ ಗ್ರಾಮಿಗೆ 0.8 ಸೇರಿಸಿದರೆ ಕ್ಯಾಲ್ಸಿಯಂ 11.8. ಅದೇ ರಕ್ತ, ಗೆರೆಯ ಆಚೆ ಬದಿ. ಇದಕ್ಕಿಂತ ಗಂಭೀರವಾದದ್ದು ವಿಟಮಿನ್ ಡಿ ಕೊರತೆ. ನಮ್ಮಲ್ಲಿ ಅದು ಸಾಮಾನ್ಯ. ಅದಿದ್ದಾಗ ಹಾರ್ಮೋನ್ ಇನ್ನಷ್ಟು ಏರಿ ಮೂಳೆ ಕರಗುತ್ತಿದ್ದರೂ ಕ್ಯಾಲ್ಸಿಯಂ ಅಷ್ಟಾಗಿ ಏರದು. ಅಂಕಿ ಸಣ್ಣದಾಗಿರುವುದು ಕಾಯಿಲೆ ಸಣ್ಣದೆಂದಲ್ಲ, ಕೊರತೆಯಿಂದ. ಕೊರತೆಯನ್ನು ಎಚ್ಚರದಿಂದ ತುಂಬಿಸಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಓದುವವರು ಗೆರೆಯನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಮುಂಗೈ ಮೂಳೆಯ ಸಾಂದ್ರತೆ ಅಳೆಯಬೇಕೆಂಬ ಸಾಲಿಗೂ ಇದೇ ಗತಿ. ಈ ಕಾಯಿಲೆ ಮೊದಲು ಸವೆಸುವುದು ಅಲ್ಲಿನಂಥ ಗಟ್ಟಿ ಮೂಳೆಯನ್ನೇ. ಬೆನ್ನು, ಸೊಂಟ ನೋಡಿ ಸ್ಕ್ಯಾನ್ ಮುಗಿಸಿದರೆ ಹಾನಿ ಕಣ್ಣಿಗೇ ಬೀಳದೆ ಹೋಗಬಹುದು.

ಕಾಯುವ ಪಕ್ಷದವರು ಸ್ಕ್ಯಾಂಡಿನೇವಿಯಾದ ಪ್ರಯೋಗವನ್ನು ಮುಂದಿಡುತ್ತಾರೆ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ 191 ಜನ. ಹತ್ತು ವರ್ಷ ಕಳೆದರೂ ಸಾವಿನಲ್ಲಿ, ಮೂಳೆಮುರಿತದಲ್ಲಿ ಆಪರೇಷನ್ ಆದವರಿಗೂ ಕಾದವರಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಸೇರಿದವರು 50ರಿಂದ 80ರ ವಯಸ್ಸಿನವರು, ಕ್ಯಾಲ್ಸಿಯಂ ತುಸುವೇ ಏರಿದವರು. ಭಾರತದಲ್ಲಿ ಈ ಕಾಯಿಲೆ ಎಷ್ಟೋ ಸಲ ಪತ್ತೆಯಾಗುವುದೇ ಮೂಳೆನೋವು, ಕಲ್ಲು ಬಂದ ಮೇಲೆ. ಯಾರನ್ನು ಸೇರಿಸಿಕೊಂಡಿದ್ದರು ಎಂಬುದನ್ನು ಓದದೆ ಫಲಿತಾಂಶವನ್ನಷ್ಟೇ ಎತ್ತಿಕೊಂಡು ಬಂದದ್ದು ನಮ್ಮವರ ತಪ್ಪು. ಅದಲ್ಲದೆ 51ರ ಹೆಂಗಸಿನ ಮುಂದೆ ಮೂವತ್ತು ವರ್ಷ ಇರಬಹುದು. ನ್ಯೂಯಾರ್ಕಿನ ಕೊಲಂಬಿಯಾ ತಂಡ 15 ವರ್ಷ ಗಮನಿಸಿದಾಗ, ಲಕ್ಷಣವಿಲ್ಲದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿಗೆ ಕಾಯಿಲೆ ಮುಂದುವರಿದಿತ್ತು. ಸೊಂಟ, ಮುಂಗೈಗಳ ಇಳಿತ ಢಾಳಾಗಿ ಕಂಡದ್ದು ವರ್ಷಗಳು ಕಳೆದ ಮೇಲೆ.

ಸುಸ್ತು, ಮರೆವು ಎಲ್ಲವನ್ನೂ ಗ್ರಂಥಿಯ ತಲೆಗೆ ಕಟ್ಟುವ ಸರ್ಜನ್ನರ ವಾದವನ್ನೂ ನಾನು ಒಪ್ಪಲಾರೆ. ನುರಿತ ಕೈಯಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ, ನಿಜ. ಆಪರೇಷನ್ ಬೇಕೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಕಾಯುವುದೇ ಸರಿ ಎಂದಾದರೆ ವರ್ಷಕ್ಕೊಮ್ಮೆ ಕ್ಯಾಲ್ಸಿಯಂ, ಒಂದೆರಡು ವರ್ಷಕ್ಕೊಮ್ಮೆ ಮೂಳೆ ಸ್ಕ್ಯಾನ್ ಆಗಲೇಬೇಕು. ಇದನ್ನು ಬಿಟ್ಟು ‘ರಾಗಿ ಬಿಡಿ, ಹಾಲು ಬಿಡಿ’ ಎಂದು ಹೇಳಿ ಕಳಿಸುವುದನ್ನು ಕೇಳಿದ್ದೇನೆ. ಮಾರ್ಗಸೂಚಿಯಲ್ಲಿ ಹಾಗಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆಯಾದರೆ ಹಾರ್ಮೋನ್ ಇನ್ನೂ ಏರಬಹುದು. ಮುದ್ದೆ ತಿನ್ನುತ್ತಿದ್ದವರು ತಿನ್ನಲಿ.