ಹೊಗಳಿದ ಜರ್ಮನರು, ಕಿವಿಗೊಟ್ಟ ಜರ್ಮನರು

ಜರ್ಮನ್ ಚಿಂತಕರ ಜೀವನವಿವೇಕದ ಮಾತು ಬಂದಾಗಲೆಲ್ಲ ಕನ್ನಡದ ವಿದ್ವದ್ವಲಯದಲ್ಲಿ ಒಂದು ತೀರ್ಪು ತಪ್ಪದೆ ಕೇಳಿಬರುತ್ತದೆ: ಗಯಟೆ, ಶೋಪೆನ್‌ಹಾವರ್, ನೀತ್ಸೆ ಇವರು ಚಿಂತಕರು, ಮೋಗ್ಲಿಂಗ್, ವೈಗ್ಲೆ, ಕಿಟ್ಟೆಲ್ ಇವರು ಪಾದ್ರಿಗಳು, ಪದ ಕೂಡಿಹಾಕಿದ ದುಡಿಮೆಗಾರರು, ಅವರ ಬಗ್ಗೆ ಕೃತಜ್ಞತೆ ಇರಬೇಕು, ಆದರೆ ಅವರಲ್ಲಿ ದರ್ಶನವನ್ನು ಹುಡುಕಬಾರದು. ಮೊದಲಿನವರ ಮಾತುಗಳು ನುಡಿಮುತ್ತುಗಳಾಗಿ ಶಾಲೆಯ ಗೋಡೆಯನ್ನೂ ಕ್ಯಾಲೆಂಡರನ್ನೂ ಏರಿವೆ. ಎರಡನೆಯವರ ಹೆಸರು ಪತ್ರಿಕಾ ದಿನಾಚರಣೆಗೊಮ್ಮೆ, ನಿಘಂಟಿನ ಪ್ರಸ್ತಾಪಕ್ಕೊಮ್ಮೆ ಹೊರಬಂದು ಮತ್ತೆ ಒಳಸರಿಯುತ್ತದೆ. ಈ ತೀರ್ಪು ಎಷ್ಟು ಸಲೀಸಾಗಿ ಒಪ್ಪಿತವಾಗಿದೆಯೆಂದರೆ, ಅದನ್ನು ಕೊಟ್ಟವರು ಯಾರು, ಯಾವ ಆಧಾರದ ಮೇಲೆ ಕೊಟ್ಟರು ಎಂದು ಕೇಳುವ ಗೋಜಿಗೆ ಯಾರೂ ಹೋಗಿಲ್ಲ.

ಮೊದಲ ಗುಂಪಿನವರಿಗೆ ಭಾರತದೊಂದಿಗೆ ಇದ್ದ ನಂಟನ್ನು ನೋಡಬೇಕು. ಗಯಟೆ ಮೆಚ್ಚಿದ ಶಾಕುಂತಲ 1789ರಲ್ಲಿ ವಿಲಿಯಂ ಜೋನ್ಸ್ ಇಂಗ್ಲಿಷಿಗೆ ತಂದದ್ದನ್ನು 1791ರಲ್ಲಿ ಗೇಯೋರ್ಗ್ ಫೋರ್‌ಸ್ಟರ್ ಜರ್ಮನಿಗೆ ತಿರುಗಿಸಿದ ಪಾಠ. ಶೋಪೆನ್‌ಹಾವರ್ ಬದುಕಿನುದ್ದಕ್ಕೂ ಸಮಾಧಾನ ಕಂಡುಕೊಂಡ ಉಪನಿಷತ್ತು ದಾರಾ ಶಿಕೋಹ್ ಮಾಡಿಸಿದ ಪಾರಸಿ ಅನುವಾದವನ್ನು ಆಂಕ್ವೆತಿಲ್ ದುಪೆರಾನ್ ಲ್ಯಾಟಿನ್ನಿಗೆ ಇಳಿಸಿದ್ದು. ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್ ಭಾರತದ ನೆಲವನ್ನೇ ತುಳಿಯಲಿಲ್ಲ. ಇವರ ಪ್ರತಿಭೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇವರು ಹೊಗಳಿದ್ದು ಗ್ರಂಥಗಳನ್ನು, ಅದರಲ್ಲೂ ಮೊದಲಿಬ್ಬರು ಎರಡು ಮೂರು ಭಾಷೆಗಳ ಜರಡಿಯಲ್ಲಿ ಸೋಸಿ ಬಂದ ಗ್ರಂಥಗಳನ್ನು. ಆ ಹೊಗಳಿಕೆಯನ್ನು ಯೋಗ್ಯತಾಪತ್ರದಂತೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುವ ಅಭಿರುಚಿ ಭಾರತದ್ದು, ಅದರಲ್ಲೂ ಕನ್ನಡದ್ದು. ಅದಕ್ಕಾಗಿ ಜರ್ಮನರನ್ನು ದೂರುವಂತಿಲ್ಲ.

ಹೆರ್ಮನ್ ಮೋಗ್ಲಿಂಗನ ಸಂಗತಿ ಬೇರೆ. ಅವನು 1811ರಲ್ಲಿ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿದವನು. ಓದಿದ್ದು ಟ್ಯೂಬಿಂಗೆನ್ನಿನ ಷ್ಟಿಫ್ಟಿನಲ್ಲಿ, ಅಂದರೆ ಪಾದ್ರಿಗಳಾಗಲಿರುವವರಿಗೆ ಊಟ ವಸತಿ ಕೊಟ್ಟು ದೇವತಾಶಾಸ್ತ್ರ ಕಲಿಸುವ ವಿದ್ಯಾಲಯದಲ್ಲಿ. ಹೆಗೆಲ್, ಹ್ಯೋಲ್ಡರ್‌ಲಿನ್, ಶೆಲ್ಲಿಂಗ್ ಮೂವರೂ ಅದೇ ಮನೆಯ ಅನ್ನ ಉಂಡವರು. ಯೇಸುವಿನ ಚರಿತ್ರೆಯನ್ನು ಪುರಾಣವೆಂದು ಪರಿಶೀಲಿಸಿ 1835ರಲ್ಲಿ ಯುರೋಪಿನ ಕ್ರೈಸ್ತಲೋಕವನ್ನೇ ಅಲುಗಾಡಿಸಿದ ಡೇವಿಡ್ ಸ್ಟ್ರೌಸ್ ಅಲ್ಲಿಯೇ ಓದಿ ಅಲ್ಲಿಯೇ ಪಾಠ ಹೇಳಿದವನು. ಮರುವರ್ಷವೇ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದ. ಆದ್ದರಿಂದ ಜರ್ಮನ್ ಚಿಂತನೆ ಕನ್ನಡ ನೆಲಕ್ಕೆ ಕಾಲಿಟ್ಟದ್ದು ಇಪ್ಪತ್ತನೆಯ ಶತಮಾನದ ಅನುವಾದಗಳಿಂದ ಎನ್ನುವವರು ಒಂದು ಶತಮಾನದಷ್ಟು ತಡವಾಗಿ ಲೆಕ್ಕ ಹಿಡಿಯುತ್ತಾರೆ; ಅದು 1836ರಲ್ಲಿಯೇ, ಹೆಗೆಲನ ಮನೆಯಿಂದಲೇ, ಪಾದ್ರಿಯ ನಿಲುವಂಗಿ ತೊಟ್ಟು ಬಂದಿತ್ತು.

ಮೋಗ್ಲಿಂಗನ ಒಳಮನಸ್ಸನ್ನು ರೂಪಿಸಿದ್ದು ಪಿಯೆಟಿಸಂ. ಚರ್ಚಿನ ಸಿದ್ಧಾಂತಕ್ಕಿಂತ ಒಬ್ಬೊಬ್ಬನ ಎದೆಯೊಳಗಿನ ಪಶ್ಚಾತ್ತಾಪ, ಪರಿವರ್ತನೆ, ದಿನದಿನದ ಆತ್ಮಪರೀಕ್ಷೆ ಇವೇ ದೊಡ್ಡವು ಎಂದು ಹೇಳುವ ಜರ್ಮನ್ ಪ್ರೊಟೆಸ್ಟಂಟ್ ಭಕ್ತಿಪಂಥ ಅದು. ಇಂಥವನ ಕೈಗೆ ಹರಿದಾಸರ ಪದಗಳು ಸಿಕ್ಕವು. ಗಂಗಾವತಿ ತಾಲೂಕಿನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ವೃಂದಾವನಸ್ಥರಾಗಿರುವ ವ್ಯಾಸರಾಯರ ಶಿಷ್ಯ ಪುರಂದರದಾಸರ ಹಾಡುಗಳಲ್ಲಿ ತನ್ನನ್ನು ತಾನೇ ಜರೆದುಕೊಳ್ಳುವ, ಹೊರಗಿನ ಆಚಾರವನ್ನು ಅಣಕಿಸುವ, ದೇವರನ್ನು ಸಲಿಗೆಯಿಂದ ಬೈಯುವ ದನಿಗಳಿವೆ. ಅವುಗಳಲ್ಲಿ ಒಂದನ್ನಾದರೂ ಪಿಯೆಟಿಸ್ಟನೊಬ್ಬ ಪರಕೀಯವೆಂದು ತಳ್ಳಿಹಾಕಲಾರ. ವಿಗ್ರಹಾರಾಧನೆಯನ್ನು ಖಂಡಿಸಲು ಬಂದವನೇ 1850ರಲ್ಲಿ ‘ದಾಸರ ಪದಗಳು’ ಎಂಬ ಸಂಕಲನವನ್ನು ಹೊರತಂದ, ಹರಿದಾಸ ಸಾಹಿತ್ಯಕ್ಕೆ ಮೊದಲ ಅಚ್ಚಿನ ರೂಪ ಕೊಟ್ಟ. ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಕೊಟ್ಟ ಹಣದಿಂದ 1848ರಿಂದ 1853ರವರೆಗೆ ನಡೆದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ತೊರವೆ ರಾಮಾಯಣಗಳ ಸಾಲಿನಲ್ಲಿಯೇ ಈ ಹಾಡುಗಳೂ ಕುಳಿತವು. ಅವು ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಎಂದರೆ ಕೈಬರಹವನ್ನು ಜಿಡ್ಡಿನ ಶಾಯಿಯಿಂದ ನುಣುಪುಗಲ್ಲಿಗೆ ಇಳಿಸಿ, ಕಲ್ಲನ್ನು ತೋಯಿಸಿ, ಜಿಡ್ಡು ಹಿಡಿದ ಗೆರೆಗಷ್ಟೇ ಮಸಿ ತಾಗುವಂತೆ ಮಾಡಿ ಕಾಗದ ಒತ್ತುವ ವಿಧಾನದಲ್ಲಿ. ಹೀಗಾಗಿ ಆ ಪುಟಗಳಲ್ಲಿ ಇಂದಿಗೂ ಕಾಣುವುದು ಮೊಳೆಯಚ್ಚಿನ ಅಕ್ಷರವಲ್ಲ, ಯಾರೋ ಲಿಪಿಕಾರನ ಕೈಯ ತಿರುವು.

ಮತಾಂತರದ ಹಂಚಿಕೆಯಿಂದಲೇ ಇದೆಲ್ಲ ನಡೆಯಿತು ಎಂಬ ಆಕ್ಷೇಪ ಸಿದ್ಧವಾಗಿಯೇ ಇರುತ್ತದೆ. ಉದ್ದೇಶ ಅದೇ ಆಗಿತ್ತು, ಮುಚ್ಚಿಡುವಂಥದ್ದೇನಿಲ್ಲ. ಆದರೆ ಮತಾಂತರಕ್ಕೆ ಬೇಕಾದದ್ದು ಕರಪತ್ರ. ಶತ್ರುಪಕ್ಷದ ಹಾಡುಗಳನ್ನು ತಿದ್ದಿ ಓರಣಗೊಳಿಸಿ ಅಚ್ಚು ಹಾಕಿ, ತಾಯ್ನಾಡಿಗೆ ಮರಳಿದ ಮೇಲೆ 1860ರ ದಶಕದಲ್ಲಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ನಿಯತಕಾಲಿಕದಲ್ಲಿ ಅವುಗಳ ಜರ್ಮನ್ ಅನುವಾದವನ್ನೂ ಪ್ರಕಟಿಸುವುದಕ್ಕೆ ಬೇರೆಯದೇ ಒಂದು ಹಸಿವು ಬೇಕು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವನಿಗೆ ಡಾಕ್ಟರೇಟ್ ಕೊಟ್ಟದ್ದು ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದ ಎಂದು ಎಣಿಸಿ ಅಲ್ಲ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯ ಸಂಪಾದಕನೆಂದು ಮಾತ್ರ ಅವನನ್ನು ನೆನೆಯುವುದು ಅವನ ತೂಕವನ್ನು ಇಳಿಸಿದಂತೆ.

ಫರ್ಡಿನಾಂಡ್ ಕಿಟ್ಟೆಲನ ಸ್ಥಾನ ಇವನ ನಂತರದ್ದೇ. ಕನ್ನಡಿಗರಿಗೆ ಇದು ಕಹಿಯೆನಿಸಬಹುದು, ಏಕೆಂದರೆ ಪ್ರತಿಮೆ ನಿಂತಿರುವುದು ಕಿಟ್ಟೆಲನದು. 1894ರ ನಿಘಂಟಿನ ಅಗಾಧತೆಯನ್ನು ಪ್ರಶ್ನಿಸುವವರಿಲ್ಲ. ಆದರೆ ಆ ನಿಘಂಟಿನಲ್ಲಿ ಪ್ರಯೋಗಗಳಾಗಿ ಮತ್ತೆ ಮತ್ತೆ ಬರುವ ದಾಸರ ಪದ, ಬಸವ ಪುರಾಣ, ಜೈಮಿನಿ ಭಾರತಗಳನ್ನು ಮೊದಲು ಅಚ್ಚಿಗೆ ತಂದವನು ಮೋಗ್ಲಿಂಗ್. ಕಿಟ್ಟೆಲನ ವಿವೇಕ ಜೋಡಣೆಯ ವಿವೇಕ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ, ಅದು ಅವನ ತಪ್ಪಲ್ಲದಿದ್ದರೂ ಕೊರತೆಯೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು, ಅಂದರೆ ನುಡಿಯ ಅಪ್ಪಟ ನಡುನೆಲೆ, ಎಲ್ಲಿದೆಯೆಂದು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಮಹಾಕೊಪಣನಗರ, ಎಂದರೆ ಇಂದಿನ ಕೊಪ್ಪಳ, ಒಂದು. ಆ ಗ್ರಂಥವನ್ನು ಕೆ. ಬಿ. ಪಾಠಕರು ಸಂಪಾದಿಸಿ ಪ್ರಕಟಿಸಿದ್ದು 1898ರಲ್ಲಿ, ನಿಘಂಟು ಹೊರಬಂದ ನಾಲ್ಕು ವರ್ಷಕ್ಕೆ. ಗ್ರಂಥದಂತೆ ಆ ನೆಲವೂ ಕೈಗೆಟುಕದೆ ಉಳಿಯಿತು: ಈ ಪಾದ್ರಿಗಳು ಸೇರಿದ್ದ ಬಾಸೆಲ್ ಮಿಷನ್ನಿನ ಠಾಣ್ಯಗಳಾದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳೆಲ್ಲ ಇದ್ದದ್ದು ಇಂಗ್ಲಿಷರ ಆಳ್ವಿಕೆಯ ಕಡೆ. ಕೊಪ್ಪಳ, ಯಲಬುರ್ಗಾಗಳು ನಿಜಾಮನ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಿಯಲ್ಲಿದ್ದವು. ತಿರುಳ್ಗನ್ನಡದ ನೆಲ ಬೆಟಗೇರಿಯಿಂದ ಒಂದೆರಡು ದಿನದ ಬಂಡಿಯ ಹಾದಿಯಷ್ಟೇ ದೂರವಿದ್ದರೂ ರಾಜ್ಯದ ಗಡಿಯ ಆಚೆಗಿತ್ತು.

ಆ ನೆಲದಲ್ಲಿ ಬದುಕಿನ ಕುರಿತ ಚಿಂತನೆಗೆ ಬರವಿರಲಿಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳು ಹೇಳುವುದು, ಪ್ರಯತ್ನದ ಫಲ ದೊಡ್ಡವರ ಸೊತ್ತಷ್ಟೇ ಅಲ್ಲ, ಸಣ್ಣವನೂ ದುಡಿದರೆ ಸ್ವರ್ಗಕ್ಕೆ ಏರಬಲ್ಲ ಎಂದು. ಅಶೋಕನ ಶಾಸನಗಳನ್ನು ಒಂದುಗೂಡಿಸಿ 1925ರಲ್ಲಿ ಸಂಪುಟ ಹೊರಡಿಸಿದವನು ಡ್ರೆಸ್‌ಡೆನ್ನಿನ ಅಯ್ಗೆನ್ ಹುಲ್ಟ್‌ಷ್. ಅವನು ಅಶೋಕನನ್ನು ಹೊಗಳುವುದಕ್ಕಿಂತ ಒಂದೊಂದು ಅಕ್ಷರವನ್ನು ಸರಿಯಾಗಿ ಓದುವುದಕ್ಕೆ ಹೆಚ್ಚು ಹೆಣಗಿದ. ಆದರೆ ಸೂಕ್ತಿಸಂಗ್ರಹಗಳಲ್ಲಿ ಅವನ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ.

ಇಲ್ಲಿಂದ ಜಗಳ ಜರ್ಮನರದ್ದಾಗಿ ಉಳಿಯುವುದಿಲ್ಲ, ಅಭಿರುಚಿಯದ್ದಾಗುತ್ತದೆ. ಸೂಕ್ತಿಯೆಂದರೆ ವಾದದಿಂದ ಕಿತ್ತು ತೆಗೆದ ವಾಕ್ಯ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದನ್ನು ಕಳೆದುಕೊಂಡೇ ಅದು ಗೋಡೆ ಏರುತ್ತದೆ. ಗಾದೆಯ ಬಾಳುವೆ ಇದಕ್ಕೆ ಪೂರ್ತಿ ವಿರುದ್ಧ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಕುಷ್ಟಗಿಯ ಸಂತೆಯಲ್ಲಿ ಸಾಲ ಕೊಟ್ಟ ಸಾವಕಾರ ಸಾಲಗಾರನಿಗೆ ಹೇಳಿದರೆ ಅದು ತಿವಿತ, ತಾಯಿ ಮಗಳ ಮದುವೆಯ ಖರ್ಚನ್ನು ನೆನೆದು ಹೇಳಿದರೆ ಅದು ಅಂಜಿಕೆ, ಅದೇ ಸಾಲಗಾರ ತನಗೆ ತಾನೇ ಹೇಳಿಕೊಂಡರೆ ಅದು ಸೋಲಿನ ಒಪ್ಪಿಗೆ. ನೀತ್ಸೆಯ ವಾಕ್ಯವನ್ನು ಹೀಗೆ ಮೂವರ ಬಾಯಲ್ಲಿ ಆಡಿಸಿ ನೋಡುವ ಅವಕಾಶ ಗೋಡೆಬರಹ ಓದುವವನಿಗೆ ಸಿಗುವುದಿಲ್ಲ. ಗಾದೆಗಳನ್ನು ದರ್ಶನವೆಂದು ಎಣಿಸದೆ ಜಾನಪದದ ಕಪಾಟಿಗೆ ಸೇರಿಸಿದವರು, ಕೊಪ್ಪಳದಂಥ ಸೀಮೆಯನ್ನು ಹಾಡು ಕುಣಿತಗಳ ಊರೆಂದು ಒಪ್ಪಿಕೊಂಡು ವಿಚಾರದ ಊರೆಂದು ಒಪ್ಪದವರು, ಪಾದ್ರಿಗಳನ್ನು ಚಿಂತಕರ ಸಾಲಿನಿಂದ ಹೊರಗಿಟ್ಟವರು, ಬಹುಮಟ್ಟಿಗೆ ಒಂದೇ ಮಂದಿ.

ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರಿಗೂ ಇದೇ ಅಳತೆಗೋಲು ಬಿದ್ದಿತು. ಆಡಳಿತ ಸೇವೆಯ ಅಧಿಕಾರಿಯಾಗಿದ್ದ ಅವರು ‘ಸ್ವತಂತ್ರಧೀರ ಸಿದ್ಧೇಶ್ವರ’ ಎಂಬ ಅಂಕಿತವಿಟ್ಟು ವಚನಗಳನ್ನು ಬರೆದಾಗ, ಹನ್ನೆರಡನೆಯ ಶತಮಾನದ ರೂಪಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಎಡೆಯೆಲ್ಲಿದೆ, ಇವೂ ಹಿತನುಡಿಗಳಲ್ಲವೇ ಎಂಬ ಧಾಟಿಯಲ್ಲಿ ನವ್ಯದ ಅಭಿರುಚಿ ಅವನ್ನು ಬದಿಗೆ ಸರಿಸಿತು. ಜರ್ಮನ್ ಹೆಸರಿದ್ದರೆ ಹಿತನುಡಿಯೂ ದರ್ಶನವಾಗುತ್ತದೆ, ದ್ಯಾಂಪುರದ ವಿಳಾಸವಿದ್ದರೆ ದರ್ಶನವೂ ಹಿತನುಡಿಯಾಗುತ್ತದೆ. ಪುರಾಣಿಕರ ‘ವಚನೋದ್ಯಾನ’ವನ್ನೂ ಮೋಗ್ಲಿಂಗನ ‘ದಾಸರ ಪದಗಳು’ ಸಂಕಲನವನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ವಿಮರ್ಶೆಗೆ ಶೋಪೆನ್‌ಹಾವರನ ಶಿಫಾರಸು ಬೇಕಾಗುವುದಿಲ್ಲ. ಬೇಕಾಗುವುದು ಟ್ಯೂಬಿಂಗೆನ್ನಿನ ಪಾದ್ರಿಯೊಬ್ಬ ತನಗೆ ಒಗ್ಗದ ದೇವರ ಹಾಡಿಗೆ ಕೊಟ್ಟಷ್ಟು ವೇಳೆ, ಅಷ್ಟನ್ನು ಕೊಡಲು ಸಮಕಾಲೀನ ವಿಮರ್ಶೆ ಇನ್ನೂ ಒಪ್ಪಿಲ್ಲ.