ಉಂಗುರಕ್ಕೆ ಬೆಲೆಯೆಷ್ಟು?

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಗಂಗಾವತಿಗೆ ಬಂದಿದ್ದ ನಮ್ಮಣ್ಣನ ಮಗ, ತಾನು ಗೆಳೆಯರೊಡನೆ ವಾರಕ್ಕೊಮ್ಮೆ ಆಡುವ ಒಂದು ಆಟದ ಸಮಾಚಾರವನ್ನು ಹೇಳಿದ. ಮೇಜಿನ ಸುತ್ತ ನಾಲ್ಕೈದು ಜನ ಕುಳಿತಿರುತ್ತಾರೆ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗಿನ ವೀರರು, ಮಾಂತ್ರಿಕರು, ಕಳ್ಳರು. ತನ್ನ ಪಾತ್ರ ಏನು ಮಾಡಬೇಕೆಂಬುದನ್ನು ಆಡುವವನೇ ನಿರ್ಧರಿಸುತ್ತಾನೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ಕಡೆಯ ದೊಡ್ಡಾಟವನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸಲಾರದು. ಅಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ‘ತಾವು ಯಾರು?’ ಎಂದು ಕೇಳಿ ಮಾತಿಗೆಳೆಯುತ್ತಾನೆ. ಇಲ್ಲಿ ಕಥೆಗಾರ ‘ಈಗ ನೀನೇನು ಮಾಡುತ್ತೀ?’ ಎಂದು ಕೇಳುತ್ತಾನೆ. ದೊಡ್ಡಾಟದ ಕಥೆಯ ಕೊನೆ ಊರಿಗೆಲ್ಲ ಮೊದಲೇ ಗೊತ್ತು. ಈ ಆಟದ ಕೊನೆ ಯಾರಿಗೂ ಗೊತ್ತಿಲ್ಲ. ವ್ಯತ್ಯಾಸವಿಷ್ಟೆ.

ಹುಡುಗ ಹೇಳಿದ ಪ್ರಸಂಗ ಹೀಗಿದೆ. ಅವನ ವೀರನಿಗೆ ಒಬ್ಬ ಮುದುಕಿ ಸಾಯುವ ಹೊತ್ತಿನಲ್ಲಿ ಒಂದು ಮಂತ್ರದ ಉಂಗುರವನ್ನು ಕೊಟ್ಟು, ದೂರದ ಊರಿನಲ್ಲಿರುವ ತನ್ನ ಮಗನಿಗೆ ತಲುಪಿಸೆಂದಳಂತೆ. ಮುಂದಿನ ವಾರ ಜೊತೆಗಾರನೊಬ್ಬ ಗಾಯಗೊಂಡು ಬಿದ್ದ. ಈತ ಪೇಟೆಗೆ ಹೋಗಿ ಆ ಉಂಗುರವನ್ನು ನಾನೂರು ಹೊನ್ನಿಗೆ ಮಾರಿ ಮದ್ದು ತಂದ. ಜೊತೆಗಾರ ಎದ್ದು ಕುಳಿತ, ಆಟ ಮುಂದುವರಿಯಿತು. ಮುದುಕಿಯ ಮಗನ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ.

“ಕೊಟ್ಟ ಮಾತು ಏನಾತೋ?” ಎಂದೆ.

“ಕಾಕಾ, ಗೆಳೆಯ ಸಾಯಾಕತ್ತಿದ್ದ. ಉಂಗುರ ಇಟಗೊಂಡು ನಾ ಏನ್ ಮಾಡ್ಲಿ?”

ಆ ಪ್ರಶ್ನೆಗೆ ನನ್ನಲ್ಲಿ ಕೂಡಲೆ ಉತ್ತರವಿರಲಿಲ್ಲ. ಅವನು ಬಿಟ್ಟುಹೋದ ನಿಯಮಗ್ರಂಥಗಳನ್ನು ಓದಿ ನೋಡಿದೆ. ಮಂತ್ರದ ವಸ್ತುವನ್ನು ಪೇಟೆಯಲ್ಲಿ ಮಾರಬಹುದೆ ಎಂಬುದು ಈ ಆಟದವರಲ್ಲಿ ಹಳೆಯ ಜಗಳವೆಂದು ತಿಳಿಯಿತು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಲ್ಲಿ ಈ ಬಗೆಯ ಆಟವನ್ನು ಮೊದಲು ಅಚ್ಚು ಹಾಕಿಸಿದರು. 1979ರ ಕಥೆಗಾರರ ಕೈಪಿಡಿಯಲ್ಲಿ ಮಂತ್ರವಸ್ತುಗಳ ಪಟ್ಟಿಯ ಎದುರಿಗೆ ಮಾರಾಟದ ಬೆಲೆ ಆಗಲೇ ಕಾಣಿಸಿಕೊಂಡಿತ್ತು. 2000ದ ಮೂರನೆಯ ಆವೃತ್ತಿಯಂತೂ ಅಂಗಡಿಯ ಲೆಕ್ಕದ ಪುಸ್ತಕವೇ ಸರಿ. ಕತ್ತಿಯ ಮಂತ್ರಶಕ್ತಿ ಒಂದು ಅಂಶವಾದರೆ ಅದಕ್ಕೆ 2000 ಹೊನ್ನು, ಎರಡಾದರೆ 8000, ಮೂರಾದರೆ 18000. ಕಬ್ಬಿಣದ ಬೆಲೆ ಬೇರೆ. ಊರಿನ ಗಾತ್ರಕ್ಕೆ ತಕ್ಕಂತೆ ಪೇಟೆಯ ಮಿತಿಯೂ ಉಂಟು: ಹಳ್ಳಿಯಲ್ಲಿ 200 ಹೊನ್ನಿಗಿಂತ ಹೆಚ್ಚಿನ ವಸ್ತು ಸಿಗದು, ಮಹಾನಗರದಲ್ಲಿ 100000ದವರೆಗೆ ಸಿಗುತ್ತದೆ. ಇದರ ಪ್ರಕಾರ ಯಲಬುರ್ಗಿಯ ಹಳ್ಳಿಗಳ ವೀರರು ಒಳ್ಳೆಯ ಕತ್ತಿಗಾಗಿ ಬೆಂಗಳೂರಿನ ಬಸ್ಸು ಹತ್ತಲೇಬೇಕು! 2008ರ ಆವೃತ್ತಿಯಲ್ಲಿ ವೀರನು ಮಾರಹೋದರೆ ದೊರೆಯುವುದು ಬೆಲೆಯ ಐದನೆಯ ಒಂದು ಪಾಲು ಮಾತ್ರ. 2014ರಲ್ಲಿ ಗಾಳಿ ತಿರುಗಿತು: ಇಂಥ ವಸ್ತು ಪೇಟೆಯಲ್ಲಿ ಸಿಕ್ಕೇ ಸಿಗುತ್ತದೆಂದು ತಿಳಿಯಬೇಡಿ ಎಂದ ಗ್ರಂಥ, ಅವುಗಳ ವಿರಳತೆಯನ್ನು ನೋಡಿ ಒಂದು ಅಂದಾಜನ್ನಷ್ಟೇ ಕೊಟ್ಟಿತು. 2024ರಲ್ಲಿ ಮತ್ತೆ ಪ್ರತಿ ದರ್ಜೆಗೂ ಗೊತ್ತಾದ ಬೆಲೆ ಬಂದಿದೆ.

ಬೆಲೆಪಟ್ಟಿ ಬೇಕೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಗುಹೆಗಳಿಂದ ಗೆದ್ದು ತಂದ ಹೊನ್ನನ್ನು ಎಲ್ಲಿಯಾದರೂ ಖರ್ಚು ಮಾಡಬೇಕಷ್ಟೆ. ತನ್ನ ವೀರನಿಗೆ ಏನು ಬೇಕೆಂಬುದನ್ನು ಆಡುವವನೇ ಆರಿಸಿಕೊಂಡರೆ ಅವನು ಕಥೆಗಾರನ ಕೃಪೆಗೆ ಕಾಯಬೇಕಾಗಿಲ್ಲ. ಬೇಡವೆನ್ನುವವರು ಹೇಳುವುದು: ಅಂಗಡಿಯಲ್ಲಿ ದೊರೆಯುವ ಮಂತ್ರದ ಕತ್ತಿ ಕುಡುಗೋಲಿಗಿಂತ ಹೆಚ್ಚಿನದಲ್ಲ, ಅದರಲ್ಲಿ ವಿಸ್ಮಯವೆಲ್ಲಿ? ಈ ಎರಡನೆಯ ಮಾತು ಸಾಹಿತ್ಯದ ಅಭಿಮಾನಿಗಳಿಗೆ ಸಹಜವಾಗಿಯೇ ರುಚಿಸುತ್ತದೆ. ನನಗೂ ಮೊದಲು ರುಚಿಸಿತು. ಆದರೆ ನಮ್ಮ ಕಥೆಗಳೇ ಅದಕ್ಕೆ ಅಡ್ಡ ಬರುತ್ತವೆ.

ಎ. ಕೆ. ರಾಮಾನುಜನ್ ಅವರು ಕನ್ನಡದಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕಥೆಯನ್ನು ವಾಚಕರು ಬಲ್ಲರು. ಗಿರೀಶ ಕಾರ್ನಾಡರ ‘ಚೆಲುವಿ’ (1992) ಚಿತ್ರಕ್ಕೆ ಆಧಾರವಾದದ್ದು ಇದೇ. ಕೂಲಿ ಮಾಡಿ ಸವೆದ ತಾಯಿಗೆ ನೆರವಾಗಲೆಂದು ಮಗಳು ಹೂಮರವಾಗುತ್ತಾಳೆ. ಅಕ್ಕ ಹೂ ಬಿಡಿಸುತ್ತಾಳೆ. ಆ ಹೂಗಳನ್ನು ಅರಮನೆಗೆ ಒಯ್ದು ಮಾರುತ್ತಾರೆ. ಮಂತ್ರವು ಪೇಟೆಗೆ ಬಂದದ್ದಕ್ಕೆ ಕಥೆ ಎಲ್ಲಿಯೂ ಮೂಗು ಮುರಿಯುವುದಿಲ್ಲ. ಅದು ಹಾಕುವ ಕಟ್ಟಳೆ ಬೇರೆ: ಕೊಡದ ನೀರನ್ನು ಹೀಗೆ ಸುರಿಯಬೇಕು, ಚಿಗುರಿಗೆ ನೋವಾಗದಂತೆ, ರೆಂಬೆ ಮುರಿಯದಂತೆ ಹೂ ಬಿಡಿಸಬೇಕು. ಮುಂದೆ ರಾಜಕುಮಾರನ ತಂಗಿ ಮತ್ತು ಅವಳ ಗೆಳತಿಯರು ಹೂಗಳಿಗಾಗಿ ಕೊಂಬೆಗಳನ್ನೇ ಮುರಿದು, ನೀರನ್ನು ಮನಸ್ಸಿಗೆ ಬಂದಂತೆ ಚೆಲ್ಲಿ ಹೋದಾಗ, ಹುಡುಗಿ ಕೈಕಾಲುಗಳಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಆ ಗೆಳತಿಯರು ಒಂದು ಕಾಸನ್ನೂ ಕೊಟ್ಟವರಲ್ಲ, ಪಡೆದವರೂ ಅಲ್ಲ ಎಂಬುದನ್ನು ಗಮನಿಸಬೇಕು. ಹಾಳುಗೆಡವಿದ್ದು ಹಣವಲ್ಲ, ಅಜಾಗ್ರತೆ.

ಪಶ್ಚಿಮದ ಉದಾಹರಣೆಯೊಂದನ್ನು ನೋಡೋಣ. ಸ್ಟೀವನ್‌ಸನ್ ಬರೆದ ‘ಬಾಟಲ್ ಇಂಪ್’ (1891) ಕಥೆಯಲ್ಲಿ ಸೀಸೆಯೊಳಗಿನ ಭೂತ ಬೇಡಿದ್ದನ್ನೆಲ್ಲ ಕೊಡುತ್ತದೆ; ಆದರೆ ಸೀಸೆ ಕೈಯಲ್ಲಿರುವಾಗಲೇ ಸತ್ತವನಿಗೆ ನರಕ. ಅದನ್ನು ಮಾರಿ ಪಾರಾಗೋಣವೆಂದರೆ, ಕೊಂಡ ಬೆಲೆಗಿಂತ ಕಡಮೆಗೇ ಮಾರಬೇಕು. ಬೆಲೆ ಇಳಿಯುತ್ತ ಇಳಿಯುತ್ತ ಕಾಸಿನ ಮಟ್ಟಕ್ಕೆ ಬಂದಾಗ ಓದುವವನ ಎದೆ ಡವಗುಟ್ಟುತ್ತದೆ. ಬೆಲೆಯೇ ಇಲ್ಲಿ ಕಥೆಯ ಪ್ರಾಣ. ಮಾರಾಟ ವಿಸ್ಮಯವನ್ನು ಕೊಲ್ಲುತ್ತದೆಂಬ ಮಾತು ಹಾಗಾದರೆ ನಿಲ್ಲುವುದೆ?

ನಮ್ಮ ಹುಡುಗನ ತಪ್ಪು ಉಂಗುರವನ್ನು ಮಾರಿದ್ದರಲ್ಲಿ ಇಲ್ಲ. ಗೆಳೆಯನ ಪ್ರಾಣಕ್ಕಾಗಿ ಮಾರಿದವನನ್ನು ಯಾವ ಊರಿನ ಪಂಚರೂ ದೂರಲಾರರು. ತಪ್ಪಿರುವುದು, ಮಾರಿದ ಮೇಲೆ ಏನೂ ಆಗದೆ ಹೋದದ್ದರಲ್ಲಿ. ಬೆಲೆಪಟ್ಟಿಯ ನಿಜವಾದ ದೋಷವೂ ಇದೇ ಎಂದು ನನಗೆ ತೋರುತ್ತದೆ. ಅದು ವಸ್ತುವಿನ ಶಕ್ತಿಯನ್ನು ಕರಾರುವಾಕ್ಕಾಗಿ ಅಳೆಯುತ್ತದೆ. ಅದಕ್ಕೆ ಅಂಟಿಕೊಂಡ ಋಣವನ್ನು ಅಳೆಯಲು ಅದರಲ್ಲಿ ಅಂಕಣವಿಲ್ಲ. ಮುದುಕಿಯ ಉಂಗುರ, ದಾರಿಯಲ್ಲಿ ಬಿದ್ದು ಸಿಕ್ಕಿದ ಉಂಗುರ, ಎರಡಕ್ಕೂ ಒಂದೇ ನಾನೂರು ಹೊನ್ನು.

ಮರುದಿನ ಅವನನ್ನು ಕರೆದುಕೊಂಡು ಆನೆಗೊಂದಿಯ ಕಡೆಗೆ ಹೋಗಿದ್ದೆ. ಕಿಷ್ಕಿಂಧೆ ಎಂದು ಜನ ನಂಬುವ ಸೀಮೆ ಅದು. ಅಂಜನಾದ್ರಿಯ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುವಾಗ ರಾಮನ ಮುದ್ರೆಯುಂಗುರದ ಮಾತು ತಾನಾಗಿ ಬಂತು. ಹನುಮಂತ ಅದನ್ನು ಹೊತ್ತು ಸಮುದ್ರ ದಾಟಿದ. ಚಿನ್ನದ ತೂಕದಿಂದ ಆ ಉಂಗುರ ದೊಡ್ಡದಾಗಲಿಲ್ಲ. ಕೊಟ್ಟವನೊಬ್ಬ, ಒಯ್ಯುವವನೊಬ್ಬ, ಕಾಯುತ್ತಿರುವವಳು ಒಬ್ಬಳು ಇದ್ದುದರಿಂದ ದೊಡ್ಡದಾಯಿತು. ಹುಡುಗ ಸುಮ್ಮನೆ ಕೇಳಿದ.

ಹಿಂದಿರುಗುವ ಮುನ್ನ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೂ ಹೋದೆವು. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಸಂದುಗಳನ್ನು ಬೆಸೆದು, ಬಣ್ಣ ಕೊಟ್ಟು ಗೊಂಬೆಗಳನ್ನೂ ದೇವರ ಮೂರ್ತಿಗಳನ್ನೂ ಮಾಡುತ್ತಾರೆ. ನಾವು ಒಂದು ಗರುಡನನ್ನು ಕೊಂಡೆವು. ನಾನು ರೂಢಿಯಂತೆ ಚೌಕಾಶಿಗಿಳಿದೆ. ಹುಡುಗ ನನ್ನ ತೋಳು ಹಿಡಿದು ತಡೆದ. ಬೆಲೆ ಕೇಳುವುದು ಅವಮಾನವಲ್ಲ, ಆ ಮನೆಗಳ ಒಲೆ ಉರಿಯುವುದೇ ಅದರಿಂದ. ಅಂಗಳದಲ್ಲಿ ಬೆಲೆ ಕಟ್ಟಿಸಿಕೊಂಡ ಮೂರ್ತಿ ಗುಡಿಯೊಳಗೆ ಕುಳಿತ ಮೇಲೆ ಯಾರೂ ಅದರ ಬೆಲೆ ಕೇಳುವುದಿಲ್ಲ. ಆಮೇಲೆ ಕೇಳುವುದು ಪೂಜೆ ಸಂದಿತೋ, ಹರಕೆ ತೀರಿತೋ ಎಂದು. ಪೇಟೆಯೂ ಗುಡಿಯೂ ಒಂದೇ ವಸ್ತುವಿನ ಬಾಳಿನಲ್ಲಿ ಹೀಗೆ ಹೊಂದಿಕೊಂಡು ಹೋಗುವುದನ್ನು ನಮ್ಮ ಜನ ಬಹುಕಾಲದಿಂದ ಬಲ್ಲರು.

ಆದ್ದರಿಂದ ಆಟದ ಗ್ರಂಥಕಾರರು ಬೆಲೆಪಟ್ಟಿಯನ್ನು ಹರಿದೊಗೆಯಬೇಕೆಂದು ನಾನು ಹೇಳಲಾರೆ. ಪಟ್ಟಿ ಇರಲಿ, ಅದರ ಪಕ್ಕದಲ್ಲಿ ಇನ್ನೊಂದು ಅಂಕಣವಿರಲಿ: ಇದು ಯಾರದಾಗಿತ್ತು, ಯಾರಿಗೆ ಸಲ್ಲಬೇಕು, ಮಾರಿದರೆ ಯಾರು ಕೇಳಿಕೊಂಡು ಬರುತ್ತಾರೆ?

ಬಸ್ಸು ಹತ್ತುವಾಗ ಹುಡುಗನಿಗೆ ಅಷ್ಟನ್ನೇ ಹೇಳಿದೆ. “ಮುಂದಿನ ವಾರ ಆ ಮುದುಕಿ ಮಗ ನಿಮ್ಮ ಬಾಗಲಿಗೆ ಬಂದು ನಿಂತರೆ ಏನ್ ಹೇಳ್ತಿ, ವಿಚಾರ ಮಾಡು.” ಅವನು ನಕ್ಕ. “ನಮ್ಮ ಕಥೆ ಹೇಳೋ ಗೆಳೆಯಗ ಹೇಳ್ತೀನಿ ತಡಿ, ಕಾಕಾ,” ಎಂದ. ಮಗ ಬಂದನೋ ಇಲ್ಲವೋ, ತಿಳಿಯಬೇಕಾದರೆ ನಾನು ಯುಗಾದಿಯವರೆಗೆ ಕಾಯಬೇಕು.